ಒಂಬತ್ತನೇ ತರಗತಿಯ ಬಲಗೈಗಳು

ಬರೆಯುವ ಸದ್ದು ಎಡಗಡೆಯಿಂದ ಮಾತ್ರ ಬರುತ್ತಿದೆ, ಗಂಡುಮಕ್ಕಳ ಸಾಲಿನಿಂದ, ಒಣಗಿದ ಎಲೆಯಡಿ ಹುಳ ಹರಿದ ಹಾಗೆ ಸರಸರ ಸರಸರ, ಬಲಗಡೆ ಏನೂ ಇಲ್ಲ, ಅಲ್ಲಿ ಹದಿಮೂರು ಹುಡುಗಿಯರು ಕೂತಿದ್ದಾರೆ, ಪ್ರಶ್ನೆಪತ್ರಿಕೆ ಮುಂದಿದೆ, ಪೆನ್ನು ಪಕ್ಕದಲ್ಲಿದೆ, ಬಲಗೈಗಳು ಡೆಸ್ಕಿನ ಮೇಲೆ ಯಾರೋ ಮರೆತು ಬಿಟ್ಟುಹೋದ ವಸ್ತುಗಳ ಹಾಗೆ ಬಿದ್ದಿವೆ — ತುಂಗಾ ಟೀಚರ್ ನೋಡಬಾರದು ಅಂದುಕೊಂಡೇ ನೋಡುತ್ತಾಳೆ, ಇಪ್ಪತ್ತೆರಡು ವರ್ಷದಿಂದ ಗಣಿತ ಹೇಳಿಕೊಡುತ್ತಿರುವವಳಿಗೆ ಎಣಿಸದೆ ಇರಲು ಬರುವುದಿಲ್ಲ, ಹನ್ನೆರಡು ಕೈ, ಹನ್ನೆರಡೂ ಒಂದೇ ಥರ ಬಿಗಿದುಕೊಂಡಿವೆ, ಹದಿಮೂರನೆಯದು ರಕ್ಷಾಳದ್ದು, ಅದಕ್ಕೇನೂ ಆಗಿಲ್ಲ, ಆದರೂ ಅವಳು ಬರೆಯುತ್ತಿಲ್ಲ, ಸುತ್ತಲಿನ ಕೈಗಳ ನಡುವೆ ತನ್ನ ಕೈ ಆಡಿಸುವುದು ಏನೋ ತಪ್ಪು ಅನ್ನುವ ಹಾಗೆ ತೊಡೆಯ ಕೆಳಗೆ ಇಟ್ಟುಕೊಂಡಿದ್ದಾಳೆ. ಹದಿನಾಲ್ಕನೆಯವಳು ಕೃತಿಕಾ, ಶಾಲೆಗೇ ಬಂದಿಲ್ಲ. ಹೋದ ಸೋಮವಾರ ಮೊದಲು ಅವಳ ಕೈ, ಮಂಗಳವಾರ ಗಾನಶ್ರೀದು, ಬುಧವಾರ ಊಟದ ಬೆಲ್ಲಿಗೆ ಮೊದಲು ನಾಲ್ವರದ್ದು, ಶನಿವಾರದ ಹೊತ್ತಿಗೆ ಇಡೀ ಸಾಲು, ಜ್ವರವಿಲ್ಲ, ನೋವಿಲ್ಲ, ಬೆರಳು ಮಾತ್ರ ಬಿಚ್ಚುವುದಿಲ್ಲ, ಟೀಚರ್ ಅದು ನನ್ ಮಾತು ಕೇಳ್ತಾ ಇಲ್ಲ ಅಂದಳು ಗಾನಶ್ರೀ, ಅದು ಅಂದಳು, ಕೈ ಅನ್ನಲಿಲ್ಲ. ತಾಲ್ಲೂಕು ಆಸ್ಪತ್ರೆಯಿಂದ ಡಾಕ್ಟರು ಬಂದು ಸೂಜಿಯಿಂದ ಚುಚ್ಚಿ ನೋಡಿ ನರದಲ್ಲಿ ಏನೂ ತೊಂದರೆ ಇಲ್ಲ ಅಂದರು, ಊರಿನವರು ಗಾಳಿ ಸೋಕಿದೆ ಅಂದರು, ಹನ್ನೆರಡು ಮಣಿಕಟ್ಟಿಗೂ ಅರಿಸಿನದ ದಾರ ಬಂತು, ಹೆಡ್‌ಮಾಸ್ಟರ್ ಮಂಜಯ್ಯನವರು ಮಾತ್ರ ಸ್ಟಾಫ್ ರೂಮಿನಲ್ಲಿ ಟೀ ಲೋಟ ಕುಕ್ಕಿ, ಎಂಥ ಗಾಳಿ ಮಾರಾಯ್ರೆ, ಪರೀಕ್ಷೆ ತಪ್ಪಿಸ್ಕೊಳ್ಳೋ ನಾಟ್ಕ ಇದು, ಸೋಮವಾರ ಟೆಸ್ಟ್ ಇಡಿ ತುಂಗಮ್ಮ, ಬರೀದಿದ್ರೆ ಸೊನ್ನೆ ಹಾಕಿ, ಕೈ ತನ್ನಷ್ಟಕ್ಕೆ ಬಿಚ್ಕೊಳ್ತದೆ ಅಂದಿದ್ದರು. ಬಿಚ್ಚಿಕೊಂಡಿಲ್ಲ.

ಕಿಟಕಿಯಾಚೆ ಮಂಜು ಇನ್ನೂ ಕರಗಿಲ್ಲ, ಎಸ್ಟೇಟಿನ ಪಲ್ಪರ್ ಯಂತ್ರದ ಕಡೆಯಿಂದ ಕಾಫಿಹಣ್ಣಿನ ಸಿಪ್ಪೆಯ ಹುಳಿ ವಾಸನೆ ಬರುತ್ತಿದೆ, ಹದಿನಾಲ್ಕು ವರ್ಷದ ಮಕ್ಕಳು ಇಷ್ಟು ಸುಮ್ಮನೆ ಕೂರುವುದುಂಟೇ, ಹೋದ ವರ್ಷ ಎಂಟನೆಯಲ್ಲಿದ್ದಾಗ ಇದೇ ಮಕ್ಕಳು ಬೆಂಚಿನಿಂದ ಬೆಂಚಿಗೆ ಹಾರುತ್ತಿದ್ದರು, ಏನು ಕೇಳಿದರೂ ನಾನು ಟೀಚರ್ ನಾನು ಟೀಚರ್ ಎಂದು ಮೈಮೇಲೆ ಬೀಳುತ್ತಿದ್ದರು, ಬೇಸಿಗೆ ರಜೆ ಮುಗಿಸಿ ಬಂದಾಗ ಯಾರೋ ಬೇರೆಯವರು ಬಂದು ಅವರ ಜಾಗದಲ್ಲಿ ಕೂತ ಹಾಗಿತ್ತು, ಧ್ವನಿ ಒಡೆದಿತ್ತು, ಮೊಡವೆ ಬಂದಿತ್ತು, ಒಬ್ಬಳು ಎದ್ದು ನಿಂತರೆ ಕ್ಲಾಸಿನ ಕಣ್ಣೆಲ್ಲ ಒಟ್ಟಿಗೆ ತಿರುಗುತ್ತಿದ್ದವು. ಚಿಕ್ಕಮಗಳೂರಿನ ತರಬೇತಿಯಲ್ಲಿ ಆ ಹುಡುಗ, ಸಂಪನ್ಮೂಲ ವ್ಯಕ್ತಿ ಅಂತ ಬ್ಯಾಡ್ಜ್ ಹಾಕಿಕೊಂಡವನು, ಮಿದುಳಿನ ಚಿತ್ರ ತೋರಿಸಿ ಹೇಳಿದ್ದನಲ್ಲ, ಈ ವಯಸ್ಸಲ್ಲಿ ಮಕ್ಕಳ ಸುತ್ತ ಯಾವಾಗಲೂ ಒಂದು ಸಭೆ ಕೂತಿರುತ್ತೆ ಮೇಡಂ, ಒಬ್ಬರೇ ಇದ್ದಾಗಲೂ ಕೂತಿರುತ್ತೆ, ತಪ್ಪು ಮಾಡೋ ಭಯಕ್ಕಿಂತ ತಪ್ಪು ಮಾಡೋವಾಗ ಕಾಣಿಸ್ಕೊಳ್ಳೋ ಭಯ ದೊಡ್ಡದು, ಪಾಠ ಮಾಡೋವಾಗ ಅದನ್ನ ಮರೀಬೇಡಿ — ತುಂಗಾ ಹಿಂದಿನ ಸಾಲಿನಲ್ಲಿ ತೊಡೆಯ ಮೇಲೆ ಪೇಪರ್ ಇಟ್ಟುಕೊಂಡು ತಿದ್ದುತ್ತಿದ್ದಳು, ನನಗೇನು ಹೇಳಿಕೊಡುತ್ತಾನೆ ಇವನು, ನನ್ನ ಮಕ್ಕಳು ವರ್ಷವರ್ಷವೂ ಗಣಿತದಲ್ಲಿ ನೂರಕ್ಕೆ ನೂರು ಪಾಸು, ನನ್ನ ಪದ್ಧತಿ ಒಂದೇ, ಬೋರ್ಡಿಗೆ ಬಾ, ಎಲ್ಲರ ಮುಂದೆ ಮಾಡು, ಬರುವವರೆಗೆ ನಿಲ್ಲು.

ಚಾಕ್‌ಪೀಸ್ ಕೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡಳು, ಬೋರ್ಡಿನ ಮೂಲೆಯಲ್ಲಿ ಉಳಿದ ಸಮಯ ಬರೆಯಲು ಕೈ ಎತ್ತಿದಳು, ಎತ್ತಿದ ಕೈಯನ್ನು ನೋಡಿದಳು, ಹೆಬ್ಬೆರಳು ಈ ಕಡೆ, ಎರಡು ಬೆರಳು ಆ ಕಡೆ, ಮಣಿಕಟ್ಟು ಹಿಂದಕ್ಕೆ ಬಾಗಿ — ಮೆಲ್ಲಗೆ ತಿರುಗಿದಳು, ಹನ್ನೆರಡು ಕೈ, ಹೆಬ್ಬೆರಳು ಈ ಕಡೆ, ಎರಡು ಬೆರಳು ಆ ಕಡೆ, ಅದು ಪೆನ್ನು ಹಿಡಿದ ಕೈಯಲ್ಲ, ಪೆನ್ನು ಹಾಗೆ ಹಿಡಿಯುವುದಿಲ್ಲ ಯಾರೂ, ಆ ಹುಡುಗಿಯರೆಲ್ಲ ಕಾಣದ ಒಂದು ಬೋರ್ಡಿನ ಮುಂದೆ ಕಾಣದ ಚಾಕ್‌ಪೀಸ್ ಹಿಡಿದು ನಿಂತಿದ್ದಾರೆ, ಕೂತಲ್ಲೇ ನಿಂತಿದ್ದಾರೆ, ಬೋರ್ಡಿನ ಮುಂದೆ ಕೊನೆಯ ಸಲ ನಿಂತವಳು ಯಾರು, ಕೃತಿಕಾ, ಕೈಗಳು ಬಿಗಿಯುವ ಮೊದಲಿನ ಗುರುವಾರ, ಕೃತಿಕಾ.

ಬೆಲ್ಲು ಹೊಡೆದ ಮೇಲೆ ರಕ್ಷಾಳನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದಳು, ಆ ಗುರುವಾರ ಏನಾಯ್ತು ಹೇಳು, ನಾನು ಬೈಯಲ್ಲ. ರಕ್ಷಾ ನಲ್ಲಿಯನ್ನೇ ನೋಡುತ್ತಿದ್ದಾಳೆ, ನಿಮಗೆ ಗೊತ್ತಲ್ವಾ ಟೀಚರ್. ಗೊತ್ತಿಲ್ಲ ಕಣೇ. ಹುಡುಗಿ ತಲೆಯೆತ್ತಿ ನೋಡಿದ ನೋಟ, ನಂಬದ ನೋಟ, ಆಮೇಲೆ ಒಂದೇ ಉಸಿರಿಗೆ, ಅವ್ಳು ಮುಟ್ಟಾಗಿದ್ಲು ಟೀಚರ್, ಬೆಂಚಿಂದ ಎದ್ದಾಗ್ಲೇ ಡ್ರೆಸ್ಸಿಗೆ ಆಗಿತ್ತು, ಹಿಂದೆ, ಎಲ್ಲಾರ್ಗೂ ಕಾಣ್ತಿತ್ತು, ದಿನಾ ಸ್ವೆಟರ್ ಹಾಕ್ಕೊಂಡ್ ಬರೋಳು, ಅವತ್ತು ಒಗ್ದಿದ್ರು, ಒಣಗಿರ್ಲಿಲ್ಲ, ಸ್ವೆಟರ್ ಇದ್ದಿದ್ರೆ ಸೊಂಟಕ್ಕೆ ಕಟ್ಕೊಳ್ತಿದ್ಲು — ಕೊನೆ ಮಾತು ಅಳುವಿನಲ್ಲಿ ಮುಚ್ಚಿಹೋಯಿತು — ನನ್ ಸ್ವೆಟರ್ ಬಿಚ್ಚಿ ಕೊಡ್ಬೇಕು ಅನ್ಕೊಂಡೆ ಟೀಚರ್, ಎದ್ರೆ ನನ್ನೂ ನೋಡ್ತಾರೆ ಅಂತ ಏಳ್ಲಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಕಾಫಿಗಿಡಗಳ ನಡುವಿನ ಕಾಲುದಾರಿ, ತುಂಗಾ ಅರ್ಧ ದಿನ ರಜೆ ಹಾಕಿ ಕೃತಿಕಾಳ ಮನೆಗೆ ಹೊರಟಿದ್ದಾಳೆ, ಹಿಂದೆ ಯಾರೋ ಬರುತ್ತಿದ್ದಾರೆ ಅನಿಸುತ್ತದೆ, ತಿರುಗಿದರೆ ಗಿಡ, ಮತ್ತೆ ನಡೆದರೆ ಬೆನ್ನಿನ ಮೇಲೆ ಕಣ್ಣು, ಎಷ್ಟು ಹೊತ್ತು ನಿಲ್ಲಿಸಿದ್ದೆ ನಾನು, ಇಪ್ಪತ್ತು ನಿಮಿಷ, ಅರ್ಧ ಗಂಟೆ, ಅಪವರ್ತನದ ಸುಲಭದ ಲೆಕ್ಕ ಅದು, ಮಧ್ಯದ ಪದ ಒಡೆದರೆ ಮುಗಿಯಿತು, ಕೃತಿಕಾ ಕ್ಲಾಸಿಗೇ ಜಾಣೆ, ಚಾಕ್‌ಪೀಸ್ ಎತ್ತಿದವಳು ಎತ್ತಿದ ಹಾಗೇ ನಿಂತಳು, ಹಿಂದಿನಿಂದ ಕಿಸಕ್ಕನೆ ನಗು, ತಪ್ಪು ಮಾಡಿದ್ದಕ್ಕೆ ನಗುತ್ತಿದ್ದಾರೆ ಅಂದುಕೊಂಡೆ, ನಗಲಿ, ನಾಚಿಕೆಯಾದರೆ ಕಲಿಯುತ್ತಾಳೆ ಅಂದುಕೊಂಡೆ, ಅವಳ ಎಡಗೈ ಹಿಂದೆ ಇತ್ತು, ಬೆನ್ನ ಕೆಳಗೆ, ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದಿತ್ತು, ಆಗ ನಾನೇ, ದೇವರೇ, ನಾನೇ ಹೇಳಿದೆ, ಏನದು ಕೈ ಹಿಂದೆ, ಕೈ ಮುಂದೆ ತಗೋ, ಸರಿಯಾಗಿ ನಿಲ್ಲು. ತೆಗೆದಳು. ನಗು ನಿಂತುಹೋಯಿತು. ಅದೇ ಈಗ ನೆನಪಾಗುತ್ತಿದೆ, ಕೈ ತೆಗೆದ ಕೂಡಲೇ ಇಡೀ ಕ್ಲಾಸು ಉಸಿರು ಬಿಗಿಹಿಡಿದದ್ದು, ನಾನು ಅದನ್ನು ಶಿಸ್ತು ಅಂದುಕೊಂಡದ್ದು, ಕಿಟಕಿಯ ಹತ್ತಿರ ನಿಂತಿದ್ದೆ, ಅಲ್ಲಿಂದ ಅವಳ ಬೆನ್ನು ಕಾಣುವುದಿಲ್ಲ, ಕಾಣುವುದಿಲ್ಲವೇ, ಒಂದು ಸಲ ಬಾಗಿಲ ತನಕ ನಡೆದು ವಾಪಸು ಬಂದಿದ್ದೆನಲ್ಲ.

ಕೃತಿಕಾಳ ಅಮ್ಮ ಭಾಗಮ್ಮ ಕಣದಲ್ಲಿ ಕಾಫಿ ಹರವುತ್ತಿದ್ದಳು, ಟೀಚರನ್ನು ಕಂಡು ಸೆರಗು ಸರಿಮಾಡಿಕೊಂಡಳು, ಬನ್ನಿ ಅಮ್ಮಾ, ಮಗಳು ಒಳಗಿದಾಳೆ, ಒಂದು ವಾರದಿಂದ ನಾನೇ ತುತ್ತು ಮಾಡಿ ತಿನ್ನುಸ್ತಾ ಇದೀನಿ, ಕಳಸದ ದೇವಸ್ಥಾನಕ್ಕೆ ಹೋಗಿ ಹರಕೆ ಹೊತ್ತು ಬಂದ್ವಿ, ಯಾವ ಜನ್ಮದ ಕರ್ಮವೋ. ಒಳಗೆ ಕತ್ತಲೆ, ಕಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯಿತು, ಕೃತಿಕಾ ಗೋಡೆಗೆ ಬೆನ್ನು ಒತ್ತಿ ಕೂತಿದ್ದಾಳೆ, ಬೆನ್ನಿಗೂ ಗೋಡೆಗೂ ನಡುವೆ ಗಾಳಿಗೂ ಜಾಗವಿಲ್ಲ, ಬಲಗೈ ಮೊಣಕಾಲಿನ ಮೇಲೆ ಬಿಗಿದು ನಿಂತಿದೆ, ತುಂಗಾ ನೆಲದ ಮೇಲೆ ಕೂತಳು, ಎದುರಿಗಲ್ಲ, ಪಕ್ಕದಲ್ಲಿ, ತಾನೂ ಗೋಡೆಗೆ ಬೆನ್ನು ಕೊಟ್ಟು, ನನಗೆ ಇವತ್ತು ಗೊತ್ತಾಯ್ತು ಪುಟ್ಟಿ. ಹೊರಗೆ ಭಾಗಮ್ಮನ ಮರದ ಹಲಗೆ ಕಾಫಿಬೀಜವನ್ನು ಎಳೆಯುವ ಸದ್ದು, ಗರ್ ಗರ್, ಆಮೇಲೆ ಹುಡುಗಿಯ ತೀರಾ ಸಣ್ಣ ದನಿ, ನೀವು ನೋಡಿದ್ರಿ ಅನ್ಕೊಂಡಿದ್ದೆ ಟೀಚರ್, ನೋಡಿನೂ ನಿಲ್ಸಿದ್ರಿ ಅನ್ಕೊಂಡೆ. ಇಲ್ಲ ಅನ್ನಬೇಕು, ನೋಡಿಲ್ಲ ಕಣೇ ಅನ್ನಬೇಕು, ನಾಲಿಗೆಯ ತುದಿಗೆ ಬಂತು, ಬಾಗಿಲ ತನಕ ಹೋಗಿ ತಿರುಗಿದ್ದು ನೆನಪಿದೆ, ತಿರುಗಿದಾಗ ಕಣ್ಣಿಗೆ ಏನು ಬಿತ್ತು ಅನ್ನುವುದು ನೆನಪಿಲ್ಲ, ಆ ಜಾಗದಲ್ಲಿ ಬಟ್ಟೆಯಿಂದ ಒರೆಸಿದ ಬೋರ್ಡಿನ ಹಾಗೆ ಒಂದು ಬಿಳಿ ಮಬ್ಬು, ಕಣ್ಣು ನೋಡಿಯೂ ಮನಸ್ಸಿಗೆ ಹೇಳದೆ ಇರುತ್ತದೆಯೇ — ನೋಡಿದ್ನೋ ಇಲ್ವೋ ನಂಗೇ ಗೊತ್ತಿಲ್ಲ ಪುಟ್ಟಿ, ನೋಡಿದ್ರೂ ನೋಡ್ದೆ ಇದ್ರೂ ನಿಲ್ಸಿದ್ದು ನಾನೇ, ಕೈ ತೆಗೆಸಿದ್ದೂ ನಾನೇ, ತಪ್ಪು ನನ್ದೇ. ಕೃತಿಕಾ ಅಳಲಿಲ್ಲ. ಎಲ್ಲಾರ್ಗೂ ಕೈ ಹಿಂಗೇ ಆಗಿದೆಯಂತೆ, ಹೌದಾ ಟೀಚರ್. ಹೌದು. ನಾನು ಅವ್ರಿಗೆ ಏನೂ ಮಾಡ್ಲಿಲ್ಲ. ನೀನಲ್ಲ ಪುಟ್ಟಿ. ಹುಡುಗಿ ಎಡಗೈಯಿಂದ ಬಲಗೈಯನ್ನು ಮುಚ್ಚಿಕೊಂಡಳು, ನಾಳೆ ಬಂದ್ರೆ ಬೋರ್ಡಿಗೆ ಕರೀತೀರಾ.

ಮಂಜಯ್ಯನವರು ಮರುದಿನ ಬೆಳಿಗ್ಗೆ ಗೇಟಿನಲ್ಲೇ ತಡೆದರು, ಎಂಥಾಯ್ತು ತುಂಗಮ್ಮ, ಸೊನ್ನೆ ಹಾಕಿದ್ರಾ, ಇಲ್ಲ ಸರ್, ಹಾಕೋದಿದ್ರೆ ನಂಗೇ ಹಾಕ್ಕೋಬೇಕು, ಅವರು ಬಾಯಿ ತೆರೆಯುವ ಮೊದಲೇ ದಾಟಿ ಬಂದಳು. ಒಂಬತ್ತನೇ ತರಗತಿ ಎದ್ದು ನಿಂತಿತು, ಕೂತಿತು, ಕೃತಿಕಾ ಇನ್ನೂ ಬಂದಿಲ್ಲ, ಇಷ್ಟು ವರ್ಷ ಬೋರ್ಡಿನ ಮುಂದೆ ನಿಂತು ಮಾತಾಡಿದವಳು ಈಗ ಮೂವತ್ತು ಮುಖಗಳ ಎದುರು ಮಾತು ಹುಡುಕುತ್ತ ನಿಂತಿದ್ದಾಳೆ, ಹೀಗಿರುತ್ತದೆಯೇ ಅಲ್ಲಿ ನಿಲ್ಲುವುದು, ಹದಿನಾಲ್ಕು ವರ್ಷಕ್ಕೆ, ಉತ್ತರ ಬಾರದೆ — ನನ್ನಿಂದ ಒಂದು ತಪ್ಪಾಗಿದೆ, ಅಂದಳು, ಇನ್ಮೇಲೆ ಈ ಕ್ಲಾಸಲ್ಲಿ ಯಾರನ್ನೂ ಒಬ್ಬರನ್ನೇ ಬೋರ್ಡಿಗೆ ಕರೆಯಲ್ಲ, ಯಾಕೆ ಅಂತ ಕೇಳ್ಬೇಡಿ, ನಿಮಗೆ ಗೊತ್ತು, ಬೆಂಚು ತಿರುಗಿಸಿ, ನಾಲ್ಕು ನಾಲ್ಕು ಜನ ಎದುರುಬದುರು ಕೂತ್ಕೊಳ್ಳಿ, ತಪ್ಪಾದ್ರೆ ಆ ನಾಲ್ಕು ಜನದ ಒಳಗೇ ಇರ್ಲಿ, ನಂಗೆ ತೋರಿಸ್ಬೇಕು ಅಂತಿಲ್ಲ. ಯಾರೂ ಅಲುಗಲಿಲ್ಲ. ಮೂವತ್ತು ಮುಖಗಳೂ ಒಂದೇ ಮುಖದ ಹಾಗೆ ಕಾಣುತ್ತಿವೆ, ಇವರೆಲ್ಲ ಬೇರೆಬೇರೆ ಮಕ್ಕಳಲ್ಲ, ಒಂದೇ ದೊಡ್ಡ ಪ್ರಾಣಿ, ಒಂದು ಕಡೆ ಚುಚ್ಚಿದರೆ ಇನ್ನೊಂದು ಕಡೆ ಮುದುಡಿಕೊಳ್ಳುತ್ತದೆ, ನಾನು ಇಷ್ಟು ವರ್ಷ ಒಬ್ಬೊಬ್ಬರಿಗೆ ಪಾಠ ಮಾಡುತ್ತಿದ್ದೇನೆ ಅಂದುಕೊಂಡೆ.

ಬಾಗಿಲಲ್ಲಿ ನೆರಳು. ಕೃತಿಕಾ. ಮಂಜು ಕರಗಿಹೋಗಿ ಹೊರಗೆ ಬಿಸಿಲು ಬಿದ್ದಿದೆ, ಶಾಲೆಯ ಮರೂನ್ ಸ್ವೆಟರ್ ಸೊಂಟಕ್ಕೆ ಸುತ್ತಿಕೊಂಡಿದ್ದಾಳೆ, ಭಾಗಮ್ಮ ಕಟ್ಟಿ ಕಳಿಸಿರಬೇಕು, ಇವತ್ತು ಅದರ ಅಗತ್ಯವೇನೂ ಇಲ್ಲ, ಆದರೂ ಕಟ್ಟಿದೆ, ಹೊಸ್ತಿಲಲ್ಲೇ ನಿಂತಿದ್ದಾಳೆ, ಒಳಗೆ ಬಂದರೆ ಸಾಲುಗಳ ನಡುವೆ ಬೆನ್ನು ತೋರಿಸಿಕೊಂಡೇ ನಡೆಯಬೇಕು, ತುಂಗಾ ಒಳಗೆ ಬಾ ಅನ್ನಬಾರದು, ನನ್ನ ಮಾತಿನಿಂದ ಮತ್ತೆ ಎಲ್ಲರೂ ಅವಳನ್ನೇ ನೋಡುತ್ತಾರೆ. ಆಗ ರಕ್ಷಾ ಎದ್ದಳು. ತೊಡೆಯ ಕೆಳಗಿನ ಕೈ ಹೊರತೆಗೆದು, ತಲೆಯ ಮೇಲಿಂದ ಸ್ವೆಟರ್ ಎಳೆದು, ಕೂದಲೆಲ್ಲ ಕೆದರಿ, ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು, ಯಾರನ್ನೂ ನೋಡಲಿಲ್ಲ, ಪಕ್ಕದಲ್ಲಿ ಗಾನಶ್ರೀ ಎದ್ದಳು, ಎಡಗೈಯಿಂದ ಎಳೆದಳು, ಸೊಂಟಕ್ಕೆ ಸುತ್ತಿದಳು, ಒಂದೇ ಕೈಯಲ್ಲಿ ಗಂಟು ಬೀಳುವುದಿಲ್ಲ, ಒಂದು ಕ್ಷಣ ಹಾಗೇ ನಿಂತಳು, ಆಮೇಲೆ ಆ ಬಲಗೈ, ಸೂಜಿಗೂ ದಾರಕ್ಕೂ ಹರಕೆಗೂ ಬಿಚ್ಚದಿದ್ದದ್ದು, ಹೆಬ್ಬೆರಳು ಮೊದಲು, ಆಮೇಲೆ ಎರಡು ಬೆರಳು, ನಿದ್ದೆಯಿಂದ ಎದ್ದದ್ದರ ಹಾಗೆ ಬಿಚ್ಚಿ ಸ್ವೆಟರಿನ ತೋಳಿನ ತುದಿಯನ್ನು ಹಿಡಿಯಿತು, ಅವಳ ಹಿಂದಿನವಳು ಎದ್ದಳು, ಅವಳ ಪಕ್ಕದವಳು, ಬಂದ ದಾರಿಯಲ್ಲೇ ಆ ಬಿಗಿತ ವಾಪಸು ಹೋಗುತ್ತಿದೆ, ಬೆಂಚಿನಿಂದ ಬೆಂಚಿಗೆ, ಒಂದೂ ಮಾತಿಲ್ಲದೆ, ಉಣ್ಣೆಯ ಸರಸರ ಮಾತ್ರ, ಎಡಗಡೆ ಯಶವಂತ ಎದ್ದ, ಅವತ್ತು ಮೊದಲು ನಕ್ಕವನು, ಮುಖ ಕೆಂಪಾಗಿತ್ತು, ಅವನೂ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿದ, ಅವನ ಹಿಂದೆ ಇಡೀ ಸಾಲು. ಕೃತಿಕಾ ಒಳಗೆ ಬಂದಳು, ಅವಳ ಬಲಗೈ ಇನ್ನೂ ಬಿಗಿದೇ ಇದೆ, ನಡೆದು ತನ್ನ ಜಾಗ ಸೇರಿದಳು, ತಿರುಗಿ ನಿಂತಳು, ಈಗ ಎಲ್ಲರೂ ನಿಂತಿದ್ದಾರೆ, ಯಾರೂ ಕೃತಿಕಾಳನ್ನು ನೋಡುತ್ತಿಲ್ಲ, ಎಲ್ಲ ಕಣ್ಣುಗಳೂ ಟೀಚರ್ ಮೇಲಿವೆ, ಸಿಟ್ಟಿಲ್ಲ, ಕ್ಷಮೆಯೂ ಇಲ್ಲ, ಬರೀ ನೋಡುತ್ತಿವೆ, ಬಾಗಿಲ ತನಕ ಹೋಗಿ ತಿರುಗಿದಾಗ ಏನು ಕಂಡಿತ್ತು, ಆ ಬಿಳಿ ಮಬ್ಬಿನಲ್ಲಿ ಏನಿತ್ತು, ಎಂದು ಹುಡುಕಹೋದರೆ ಅಲ್ಲಿಯೂ ಕಲೆಯಲ್ಲ, ಈಗ ಎದುರಿಗಿರುವುದೇ, ಹುಡುಗಿಯೊಬ್ಬಳ ಸೊಂಟ, ಒಳಗೆ ಕೈಯಿಲ್ಲದ ಎರಡು ಮರೂನ್ ತೋಳುಗಳು, ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು, ಗಂಟು, ಪಕ್ಕದಲ್ಲಿ ಗಂಟು, ಗಂಟು.