ಗುಂಡಿಯಣ್ಣ ತೋಡದ ಗುಂಡಿ

ಜೆಸಿಬಿ ಓಡಿಸುವ ಅವನನ್ನು ಕೆಲಸದ ಜಾಗದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಗುಂಡಿಯಣ್ಣ ಎಂದೇ. ಸುತ್ತಲಿನ ಬಡಾವಣೆಗಳ ಅರ್ಧಕ್ಕರ್ಧ ಮನೆಗಳ ಪಾಯ ಅವನೇ ತೋಡಿದ್ದು. ಈಗ ಬಡಾವಣೆಯ ಅಂಚಿನ ಕುರುಚಲು ಬಯಲು ನಿಸರ್ಗ ಉದ್ಯಾನವಾಗುತ್ತಿತ್ತು. ಹಕ್ಕಿಗಳಿಗೆ ಪೊದೆ, ಜನರಿಗೆ ಕಾಲುದಾರಿ, ನಡುವೆ ಮಳೆನೀರು ನಿಲ್ಲುವ ಕೊಳ. ಕೊಳದ ಕೆಲಸ ಅವನಿಗೇ ಸಿಕ್ಕಿತು. ಬೇರೆಯವರಾಗಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು. ಅವನು ಮಾತ್ರ ನಕ್ಷೆ ನೋಡಿದವನೇ ಅದನ್ನು ಮಡಿಸಿ ಸೀಟಿನ ಕೆಳಗೆ ತುರುಕಿದ. ಕೊಳ ಬರುವುದು ಸರಿಯಾಗಿ ಬಯಲಿನ ಒಂಟಿ ಅತ್ತಿಮರದ ಬುಡಕ್ಕೆ.

ಆ ಬುಡದಲ್ಲಿ ತನ್ನ ಮಗಳು ಮಲಗಿದ್ದಾಳೆಂದು ಅವನ ಹೆಂಡತಿ ಇಪ್ಪತ್ತೆರಡು ವರ್ಷದಿಂದ ನಂಬಿದ್ದಳು. ಬಿಡುವಾದಾಗಲೆಲ್ಲ ಹೋಗಿ ಕೂತು ಬರುತ್ತಿದ್ದಳು. ಮಗು ಬದುಕಿದ್ದು ಮೂರೇ ದಿನ. ಹೆರಿಗೆಯಾಗಿ ವಾರದವರೆಗೂ ತಾಯಿಗೆ ಪ್ರಜ್ಞೆಯಿರಲಿಲ್ಲ. "ನೀವೇ ಒಯ್ತೀರಾ, ಇಲ್ಲ ನಾವೇ ಮಣ್ಣು ಮಾಡಿಸೋಣ್ವಾ?" ಎಂದು ಆಸ್ಪತ್ರೆಯವರು ಕೇಳಿದರು. ಊರೆಲ್ಲ ಅಗೆಯುವ ಗಂಡಸಿಗೆ ಮೊಳದುದ್ದದ ಒಂದು ಗುಂಡಿ ತೋಡುವ ಧೈರ್ಯ ಬರಲಿಲ್ಲ. "ನೀವೇ ಮಾಡಿ" ಎಂದು ಸಹಿ ಹಾಕಿ ಮೆಟ್ಟಿಲಿಳಿದು ಬಂದುಬಿಟ್ಟ. ಮನೆಗೆ ಬಂದ ಹೆಂಡತಿ "ಎಲ್ಲಿಟ್ರಿ?" ಎಂದಾಗ ಅಡುಗೆಮನೆಯ ಕಿಟಕಿಯಲ್ಲಿ ಕಂಡದ್ದು ಅತ್ತಿಮರ. ಅವನ ಬೆರಳು ಅತ್ತ ಹೋಯಿತು, ಅಷ್ಟೇ.

ಕೊಳದ ಸುದ್ದಿ ಕೇಳಿದರೆ ಅವಳು ಮನೆ ತಲೆಮೇಲೆ ಹೊತ್ತುಕೊಳ್ಳುತ್ತಾಳೆಂದು ಹೆದರಿದ್ದ. ಹೇಳಿದಾಗ ಅವಳು ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟಳಷ್ಟೇ.

"ಜೆಸಿಬಿ ಹಲ್ಲು ಅವಳಿಗೆ ತಾಕಬಾರದು ರೀ. ನೀವೇ ಗುದ್ದಲೀಲಿ ತೋಡಿ ತೆಗೀರಿ. ನಾನೂ ಬರ್ತೀನಿ."

ಮಾರನೆಯ ದಿನ ಅವನು ಉದ್ಯಾನದ ಇಂಜಿನಿಯರಮ್ಮನ ಮುಂದೆ ತಲೆ ಕೆರೆದುಕೊಂಡು ನಿಂತ. "ಮೇಡಂ, ಕೊಳಾನ ಸ್ವಲ್ಪ ಆಚೆ ತಳ್ಳೋಕಾಗಲ್ವಾ?"

"ನೀರು ಇಳಿಜಾರಿನ ಮಾತು ಕೇಳುತ್ತೆ, ನಮ್ಮ ಮಾತು ಕೇಳುತ್ತಾ ಅಣ್ಣ?" ಆಕೆ ನಕ್ಕಳು. "ಯೋಚ್ನೆ ಮಾಡ್ಬೇಡಿ. ಇಲ್ಲಿನ ಮಣ್ಣು ಒಂದು ಬುಟ್ಟೀನೂ ಹೊರಗೆ ಹೋಗಲ್ಲ. ಮೇಲ್ಮಣ್ಣು ಬೇರೆ ರಾಶಿ ಹಾಕಿ, ಗಿಡಗಳಿಗೆ ಬೇಕು."

ಅವನು ಕಾರಣ ಹೇಳದೆ ರಾಶಿಗೆ ಜಾಗ ಅಳೆಯಲು ಹೋದ.

ರಜೆಯ ಬೆಳಿಗ್ಗೆ ಇಬ್ಬರೂ ಹೋದರು. ಅವಳು ಒಗೆದು ಇಸ್ತ್ರಿ ಮಾಡಿದ ಬಿಳಿ ಬಟ್ಟೆಯನ್ನು ಮಡಿಲಲ್ಲಿ ಹರಡಿಕೊಂಡು ಕೂತಳು. ಲಿವರ್ ಹಿಡಿದು ಹಿಡಿದು ಗುದ್ದಲಿ ಮರೆತಿದ್ದ ಕೈಯಲ್ಲಿ ಗಳಿಗೆಯೊಳಗೆ ಬೊಬ್ಬೆಗಳೆದ್ದವು. ಮೊಣಕಾಲುದ್ದ ತೋಡುವಷ್ಟರಲ್ಲಿ ಏನೋ ಬೆಳ್ಳಗೆ ಕಂಡಿತು.

"ತಡೀರಿ, ತಡೀರಿ!" ಅವಳು ಗುಂಡಿಗಿಳಿದು ಬೆರಳ ತುದಿಯಿಂದ ಮಣ್ಣು ಸರಿಸಿದಳು. ಬೇರು. ಮತ್ತೆ ಹೋಗಿ ಕೂತಳು. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ. ಪಾಪ, ಬಾಯಿ ಬಿಡಿಸುತ್ತಿದ್ದವನೂ ಅವನೇ.

ಗುಂಡಿ ಸೊಂಟದ ಮಟ್ಟಕ್ಕೆ ಬಂದಾಗ ಅವಳೇ ಅಂದಳು, "ಸಾಕು ಬಿಡಿ. ಮೂರು ದಿನದ ಕೂಸು. ಇಷ್ಟು ವರ್ಷಕ್ಕೆ ಮಣ್ಣೇ ಆಗಿರ್ತಾಳೆ." ತಳದ ಮಣ್ಣು ಒಂದು ಹಿಡಿ ಕೇಳಿ ಪಡೆದು ಬಟ್ಟೆಯಲ್ಲಿ ಗಂಟು ಕಟ್ಟಿದಳು. ಆಮೇಲೆ ಅವನ ಅಂಗೈ ಹಿಡಿದು ಬೊಬ್ಬೆಗಳನ್ನು ಸವರಿದಳು.

"ಆವತ್ತು ಒಬ್ರೇ ಹೇಗೆ ತೋಡಿದ್ರೋ! ನನ್ನ ಸಂಕಟದಲ್ಲಿ ನಿಮ್ಮನ್ನ ಒಂದು ದಿನಾನೂ ಕೇಳ್ಲಿಲ್ಲ ನೋಡಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆಯಲಾಗಲಿಲ್ಲ.

"ನಾನು ತೋಡ್ಲಿಲ್ಲ ಕಣೇ. ಕೈ ಬರ್ಲಿಲ್ಲ. ಆಸ್ಪತ್ರೆಯವರಿಗೇ ಬಿಟ್ಟು ಬಂದೆ. ಇಲ್ಲಿ ಏನೂ ಇಲ್ಲ."

ಅವಳು ಅಳಲಿಲ್ಲ. ಗಂಟನ್ನು ಎದೆಗೊತ್ತಿಕೊಂಡು ಅವನತ್ತ ತಿರುಗಿದಳು. ಮಗುವನ್ನು ಎಲ್ಲಿಟ್ಟರೆಂದು ಕೇಳಬಹುದು ಎಂದುಕೊಂಡ. ಅವಳು ಕೇಳಿದ್ದೇ ಬೇರೆ.

"ಮುಖಾನಾದ್ರೂ ನೋಡಿದ್ರಾ?"

ನೋಡಿದ್ದ. ಮೂರು ದಿನವೂ ಗಾಜಿನ ಈಚೆ ನಿಂತು ಕಣ್ಣು ತುಂಬ ನೋಡಿದ್ದ.

"ನೋಡಿದ್ದೆ. ನಿನ್ನ ಹಾಗೇ ಇದ್ಲು. ಗಲ್ಲದಲ್ಲಿ ಇದೇ ಗುಳಿ."

ಅದು ಅಪ್ಪಟ ನಿಜ. ಅವಳು ನಂಬಲಿಲ್ಲ.