ಕೊರಳಪಟ್ಟಿಯೊಳಗಿನ ಮೂವತ್ತು

ಒಂದು ಮನೆತನದ ಮಾನ, ಒಬ್ಬ ಸೊಸೆಯ ಉದ್ಯೋಗ ಮತ್ತು ಚಿಕ್ಕಜಾಜೂರಿನ ರೈಲ್ವೆ ಗೇಟಿನಾಚೆಯ ಒಂದು ಬೀದಿಯ ನೆಮ್ಮದಿ, ಈ ಮೂರೂ ಏಳು ವರ್ಷದ ಹುಡುಗಿಯೊಬ್ಬಳ ಫ್ರಾಕಿನ ಸೈಜಿನ ಮೇಲೆ ನಿಂತಿದ್ದವು ಎಂಬುದನ್ನು ಮೊದಲೇ ಗಂಭೀರವಾಗಿ ತಿಳಿಸಿಬಿಡಬೇಕು. ನಗಬೇಕೆನ್ನುವವರು ಓಬಮ್ಮನ ಎದುರು ಕೂತು ನಕ್ಕು ಬರಲಿ.

ಓಬಮ್ಮನ ಮನೆಯಲ್ಲಿ ಅರಿಶಿನ ಹಚ್ಚದೆ ಹೊಸ ಬಟ್ಟೆಯನ್ನು ಮೈಗೆ ಹಾಕುವಂತಿಲ್ಲ. ಇದು ಎಲ್ಲರ ಮನೆಯಲ್ಲೂ ಇರುವುದೇ. ಬೇರೆಯವರು ಅಂಚಿಗೆಲ್ಲೋ ಒಂದು ಬೊಟ್ಟು ಒತ್ತಿ ಮುಗಿಸುತ್ತಾರೆ. ಇಲ್ಲಿ ಮಾತ್ರ ಆ ಬೊಟ್ಟು ಕೊರಳಪಟ್ಟಿಯ ಒಳಗೆ, ಕಂಪನಿಯವರು ಸೈಜಿನ ಚೀಟಿ ಹೊಲಿದಿರುವಲ್ಲೇ ಬೀಳಬೇಕು. ಕಲೆ ಹೊರಗೆ ಕಾಣಬಾರದಲ್ಲ. ಹಾಗಾಗಿ ಹಬ್ಬ ಬಂತೆಂದರೆ ಓಬಮ್ಮ ಅರಿಶಿನದ ಬೆರಳು ಚಾಚುತ್ತಾಳೆ, ಅದೇ ಊರಿಗೆ ಕೊಟ್ಟ ಮಗಳು ಹೇಮಾವತಿ ಕೊರಳಪಟ್ಟಿ ತಿರುಗಿಸಿ ಹಿಡಿಯುತ್ತಾಳೆ, ಹಿಡಿದವಳು ಸುಮ್ಮನಿರದೆ ಅಲ್ಲಿರುವ ನಂಬರನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದಂತೆ ಓದುತ್ತಾಳೆ.

ಯುಗಾದಿಗೆ ಹೇಮಾವತಿಯ ಮಗಳದ್ದು ಇಪ್ಪತ್ತೆಂಟು ಬಂತು. ಚಿತ್ರದುರ್ಗದಿಂದ ಹಬ್ಬಕ್ಕೆ ಬಂದಿದ್ದ ಮಗ ಪರಮೇಶನ ಮಗಳು ಸುಪ್ರಿಯಾಳದ್ದು, ವಯಸ್ಸು ಅಷ್ಟೇ ಇದ್ದರೂ, ಇಪ್ಪತ್ನಾಲ್ಕು.

"ಹೋದ ದೀಪಾವಳೀಲೂ ಇಪ್ಪತ್ನಾಲ್ಕೇ ಇತ್ತಲ್ಲೇ ಶಾಲಿನಿ," ಎಂದಳು ಹೇಮಾವತಿ, ತಮ್ಮನ ಹೆಂಡತಿಗೆ. "ಮಗೀಗೆ ಊಟ ಹಾಕ್ತೀಯೋ, ಬರೀ ತೋರ್ಸಿ ಮುಚ್ಚಿಡ್ತೀಯೋ?"

"ಚೆನ್ನಾಗೇ ಉಣ್ತಾಳೆ ಅಕ್ಕಾ. ಮೈಕಟ್ಟು ಸಣ್ಣದು ಅಷ್ಟೆ."

"ಕೆಲ್ಸಕ್ಕೆ ಹೋಗೋರ ಮಕ್ಳದೆಲ್ಲ ಸಣ್ಣ ಮೈಕಟ್ಟೇ ಬಿಡು."

ಶಾಲಿನಿ ಚಿತ್ರದುರ್ಗದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮಗಳ ರಕ್ತವನ್ನು ತಾನೇ ತೆಗೆದು, ತಾನೇ ಪರೀಕ್ಷಿಸಿ, ಯಾವ ಕೊರತೆಯೂ ಇಲ್ಲವೆಂಬ ರಿಪೋರ್ಟನ್ನು ಅತ್ತೆಯ ಮುಂದಿಟ್ಟಳು. ಓಬಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ ಅಕ್ಕಿಡಬ್ಬಿಯ ಅಡಿಗಿಟ್ಟಳು. ಡಬ್ಬಿ ಅಲುಗಾಡುತ್ತಿತ್ತು. "ಸೈಜಿನ ನಂಬರು ಲೋಕಕ್ಕೆಲ್ಲ ಒಂದೇ ಕಣಮ್ಮ, ನಿಮ್ ಲ್ಯಾಬಿನಂಗಲ್ಲ," ಎಂದು, ತೀರ್ಪನ್ನೂ ಕೊಟ್ಟಳು: ದೀಪಾವಳಿಗೆ ಹುಡುಗಿ ಇಪ್ಪತ್ತೆಂಟು ಮುಟ್ಟದಿದ್ದರೆ ತಾಯಿ ಕೆಲಸ ಬಿಟ್ಟು ಮನೆಯಲ್ಲಿರಬೇಕು.

ಪರಮೇಶ್ ಅಲ್ಲೇ ಇದ್ದ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಏಳು ಸುತ್ತಿನ ಕೋಟೆಯ ಬಾಗಿಲು ಬಾಗಿಲನ್ನೂ ಕಣ್ಣು ಮುಚ್ಚಿ ವರ್ಣಿಸಬಲ್ಲ. ಮಗಳು ನಿನ್ನ ಸೊಂಟಕ್ಕೆ ಬರುತ್ತಾಳೋ ಎದೆಗೆ ಬರುತ್ತಾಳೋ ಎಂದರೆ ಹೆಂಡತಿಯ ಮುಖ ನೋಡುತ್ತಾನೆ. "ಅಮ್ಮ ಹೇಳೋದ್ರಾಗೂ ಒಂದು ಪಾಯಿಂಟ್ ಐತೆ," ಎಂದ. ಯಾವ ಪಾಯಿಂಟೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನಿಗೇ ಕಷ್ಟವಾಗುತ್ತಿತ್ತು.

ದೊಡ್ಡದೊಂದು ಫ್ರಾಕು ತಂದು ಬಾಯಿ ಮುಚ್ಚಿಸಬಾರದೇ ಎಂದರೆ, ಅದಕ್ಕೂ ಅಡ್ಡಿಯಿತ್ತು. ಜಿಲ್ಲೆಯಲ್ಲಿ ಉಳಿದವರೆಲ್ಲ ಬೆಳೆಯುವ ಮಕ್ಕಳೆಂದು ಎರಡು ಸೈಜು ದೊಡ್ಡದನ್ನೇ ತಂದು, ಅಂಚು ಮಡಚಿ ಹೊಲಿದು, ವರ್ಷ ವರ್ಷ ಬಿಚ್ಚುತ್ತಾರೆ. ಓಬಮ್ಮನ ಪ್ರಕಾರ ಅದು ಇಲ್ಲದವರ ಬುದ್ಧಿ. ಅರಿಶಿನವಾದ ಮೇಲೆ ಮಗು ಹೊಸ ಬಟ್ಟೆ ಹಾಕಿಕೊಂಡು ನಡುಮನೆಯಲ್ಲಿ ಎಲ್ಲರೆದುರು ಒಂದು ಸುತ್ತು ಬರಬೇಕು. ಚೀಲದೊಳಗೆ ಕೋಲು ನಿಲ್ಲಿಸಿದಂತಿದ್ದರೆ ನಂಬರು ರದ್ದು.

ದೀಪಾವಳಿಗೆ ವಾರವಿರುವಾಗ ಶಾಲಿನಿ, ದಸರಾ ರಜೆಯನ್ನು ಅಜ್ಜಿಯ ಮನೆಯಲ್ಲಿ ಕಳೆದು ಬಂದಿದ್ದ ಮಗಳನ್ನು ಕರೆದುಕೊಂಡು ಅಜೀಮನ ರೆಡಿಮೇಡ್ ಅಂಗಡಿಗೆ ಹೋದಳು. ಅಜೀಮ್ ಗಿರಾಕಿಗೆ ಎದುರಾಡಿದವನಲ್ಲ. ನಮ್ಮ ಮಗುವಿಗೆ ಎರಡು ತಲೆ ಎಂದರೂ, ಇರ್ರಿ, ಒಳಗೆ ಸ್ಟಾಕ್ ನೋಡ್ತೀನಿ ಎನ್ನುವವನು.

"ಇವಳಿಗೆ ಇಪ್ಪತ್ತೆಂಟು ಬೇಕು. ಸರಿಯಾಗಿ ಕೂರ್ಬೇಕು," ಎಂದಳು ಶಾಲಿನಿ.

"ಇವ್ಳಿಗೆ ಇಪ್ಪತ್ನಾಲ್ಕು ಸಾಕಲ್ಲ ಮೇಡಂ."

"ಅದು ನಂಗೂ ಗೊತ್ತು."

ಅಜೀಮ್ ಮಗುವನ್ನು ನೋಡಿದ, ತಾಯಿಯನ್ನು ನೋಡಿದ. "ಅತ್ತೇನೋ, ನಾದಿನೀನೋ?"

"ಇಬ್ರೂ."

"ಹಂಗ್ ಹೇಳ್ರಿ ಮತ್ತೆ. ಕುಂತ್ಕಳ್ರಿ."

ಮೂರು ಕಂಪನಿಯ ಮೂರು ಫ್ರಾಕು ಬಂದವು. ಮೂರರ ಕೊರಳಲ್ಲೂ ಇಪ್ಪತ್ತೆಂಟು. ಮೊದಲನೆಯದು ಸುಪ್ರಿಯಾಳ ಪಾದ ಮುಚ್ಚಿತು. ಎರಡನೆಯದು ಚೂರು ಸಡಿಲ, ಆದರೆ ನಡೆಯುತ್ತಿತ್ತು. ಮೂರನೆಯದರಲ್ಲಿ ಅವಳ ತೋಳೇ ತೂರಲಿಲ್ಲ.

"ಇದೇನ್ರಿ, ಮೂರೂ ಒಂದೇ ನಂಬರು?"

"ಒಬ್ಬ ಉದ್ದ ಅಳೀತಾನೆ, ಒಬ್ಬ ಎದೆ ಅಳೀತಾನೆ. ಈ ಮೂರ್ನೇ ಕಂಪನಿಯೋನು ಏನಳೀತಾನೋ ಆ ಅಲ್ಲಾಗೇ ಗೊತ್ತು. ಅವನದ್ರಲ್ಲಿ ಮೂವತ್ತು ಹಾಕಿ ನೋಡ್ರಿ."

ಮೂವತ್ತು ಹೇಳಿ ಹೊಲಿಸಿದಂತೆ ಕೂತಿತು. ಕೆಲಸ ಉಳಿಸಿಕೊಳ್ಳಲು ಎರಡನೆಯ ಕಂಪನಿಯ ಇಪ್ಪತ್ತೆಂಟೇ ಸಾಕಿತ್ತು. ಆದರೆ ಹೇಮಾವತಿಯ ಬಾಯಲ್ಲಿ ಮೂವತ್ತು ಎಂಬ ಮಾತು ಹೊರಡುವುದನ್ನು ನೋಡುವ ಸುಖವಿತ್ತಲ್ಲ; ಇಷ್ಟೆಲ್ಲ ಓದಿದವಳೂ ಅದಕ್ಕೆ ಸೋತಳು. ಮೂವತ್ತನ್ನೇ ಪ್ಯಾಕ್ ಮಾಡಿಸಿದಳು.

ಪಾಡ್ಯದ ಬೆಳಿಗ್ಗೆ ಓಬಮ್ಮ ಬೆರಳು ಚಾಚಿದಳು. ಹೇಮಾವತಿ ಕೊರಳಪಟ್ಟಿ ತಿರುಗಿಸಿ, ಚೀಟಿಯನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡಳು.

"ಓದೇ," ಎಂದಳು ಓಬಮ್ಮ. "ಬಾಯಾಗೆ ಹೋಳಿಗೆ ಐತೇನು?"

"ಮೂವತ್ತಂತೆ."

ಸುಪ್ರಿಯಾ ಹಾಕಿಕೊಂಡು ಸುತ್ತು ಬಂದಳು. ಎಲ್ಲೂ ಸುಕ್ಕಿಲ್ಲ, ಜೋಲಿಲ್ಲ. ಹೇಮಾವತಿಯ ಮಗಳದ್ದು ಮತ್ತೆ ಇಪ್ಪತ್ತೆಂಟೇ.

"ಯಾವ್ದೋ ಕಾಣದ ಕಂಪನಿ," ಎಂದಳು ಹೇಮಾವತಿ.

"ಕಂಪನಿ ಯಾವ್ದಾದ್ರೇನೆ, ನಂಬರು ಕಾಣ್ತೈತಲ್ಲ," ಎಂದಳು ಓಬಮ್ಮ. ಮಗನ ಮಗಳು ಗೆದ್ದಿದ್ದಳು. ಇಬ್ಬರೂ ಹುಡುಗಿಯರು ಅಕ್ಕಪಕ್ಕವೇ ನಿಂತಿದ್ದರು, ಸುಪ್ರಿಯಾ ಇನ್ನೊಬ್ಬಳ ಕಿವಿಯೆತ್ತರ. ಯಾರೂ ಅತ್ತ ನೋಡಲಿಲ್ಲ, ಚೀಟಿ ಓದಿಯಾಗಿತ್ತು.

ಶಾಲಿನಿ ಒಳಗೊಳಗೇ ನಕ್ಕಳು. ಆಗ ಓಬಮ್ಮನಿಗೆ ಯೋಚನೆ ಬಂತು, ಆಕೆಗೆ ಯೋಚನೆ ಬರುವುದು ಯಾರಿಗೂ ಒಳ್ಳೆಯದಲ್ಲ.

"ಯುಗಾದಿಗೆ ಇಪ್ಪತ್ನಾಲ್ಕು, ಈಗ ಮೂವತ್ತು. ಹೆಂಗಾತಿದು?"

"ಚೆನ್ನಾಗಿ ಉಂಡ್ಲು ಅತ್ತೆ."

"ಎಲ್ಲಿ ಉಂಡ್ಲು? ದಸರಾ ರಜಕ್ಕೆ ನನ್ ತಾವ ಇದ್ಲಲ್ಲ, ಎರಡೊತ್ತೂ ನನ್ ಕೈ ಮುದ್ದೆ. ನಿನ್ ತಾವ ಇದ್ದಾಗ ಒಂದು ನಂಬರಾದ್ರೂ ಏರಿತ್ತಾ?" ಓಬಮ್ಮ ಕೈ ಒರೆಸಿಕೊಂಡಳು. "ನೀನು ಕೆಲ್ಸ ಬಿಡೋದೇನೂ ಬ್ಯಾಡ. ಆರಾಮಾಗಿ ಹೋಗು. ಮಗು ಇಲ್ಲೇ ಬೆಳೀಲಿ."

ಹೇಮಾವತಿಗೆ ಜೀವ ಬಂತು. "ನಮ್ಮುಡುಗಿ ಶಾಲೆಗೇ ಸೇರ್ಸಾಣ."

"ಅತ್ತೆ," ಎಂದಳು ಶಾಲಿನಿ, "ಆ ಕಂಪನಿ ಅಳತೇನೇ ಸಣ್ಣದಂತೆ."

"ಅಂದ್ರೆ? ಇನ್ನೂ ಇಪ್ಪತ್ನಾಲ್ಕೇ ಅಂತೀಯಾ?"

ಶಾಲಿನಿ ಗಂಡನ ಕಡೆ ನೋಡಿದಳು. ಅವನು ಚಕ್ಕುಲಿ ಮುರಿಯುತ್ತ, "ಒಂದ್ ವರ್ಷ ನೋಡಾಣ," ಎಂದ.

"ಹೇಳಮ್ಮ, ಎಷ್ಟು?" ಎಂದಳು ಓಬಮ್ಮ.

"ಮೂವತ್ತೇ ಅತ್ತೆ."

ಶಾಲಿನಿಯ ಕೆಲಸ ಉಳಿಯಿತು. ಸುಪ್ರಿಯಾ ಈಗ ಚಿಕ್ಕಜಾಜೂರಿನಲ್ಲಿ ಎರಡನೇ ಕ್ಲಾಸು ಓದುತ್ತಿದ್ದಾಳೆ.