ಮಾವನ ಬೆರಳು, ಸೊಸೆಯ ಆಪ್

ಬಡಗಿ ಕೆಲಸದ ಮಾವನ ಮುರಿದ ಮಣಿಕಟ್ಟಿನ ಪ್ಲಾಸ್ಟರನ್ನು ಆಸ್ಪತ್ರೆಯಲ್ಲಿ ಬಿಚ್ಚಿದ್ದರು. ಮೂಳೆ ಕೂಡಿತ್ತು, ಬೆರಳುಗಳು ಮಾತ್ರ ಕೊರಡಿನಂತೆ ಸೆಟೆದಿದ್ದವು. ದಿನಾ ವ್ಯಾಯಾಮ ಮಾಡದಿದ್ದರೆ ಮತ್ತೆ ಉಳಿ ಹಿಡಿಯುವುದು ಕಷ್ಟ ಎಂದಿದ್ದರು ಆಸ್ಪತ್ರೆಯವರು. ಆ ವ್ಯಾಯಾಮ ಹೇಳಿಕೊಡುವ ಆಪ್ ಮಾಡಿದವಳು ಮನೆಯ ಸೊಸೆಯೇ. ಆದರೂ ಮಾವ ಅದನ್ನು ತೆರೆಯುತ್ತಲೇ ಇರಲಿಲ್ಲ.

“ಎಲ್ಲಾ ವಿವರವಾಗಿ ಬರೆದಿದ್ದೀನಿ. ಓದೋಕೆ ಸೋಮಾರಿತನ, ಅಷ್ಟೇ,” ಎಂದು ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಹತ್ತಿರ ಸೊಸೆ ದೂರಿದಳು.

“ಒಂದು ಸಲ ಪಕ್ಕದಲ್ಲಿ ಕೂತು ನೋಡಮ್ಮ. ಬಾಯಿ ಬಿಡಬೇಡ, ಮೊಬೈಲ್ ಮುಟ್ಟಬೇಡ,” ಎಂದರು ಮೇಡಂ.

ಸಂಜೆ ಸೊಸೆಯ ಒತ್ತಾಯಕ್ಕೆ ಮಾವ ಅಡುಗೆಮನೆಯ ಮೇಜಿನ ಮುಂದೆ ಕೂತು ಆಪ್ ತೆರೆದರು; ಅವಳು ಪಕ್ಕದಲ್ಲೇ ಕೂತಳು. ಮೊದಲಿಗೇ ಪಾಸ್‌ವರ್ಡ್ ಕೇಳಿತು. ಸೆಟೆದ ಬೆರಳು ಪಕ್ಕದ ಅಕ್ಷರ ಒತ್ತಿತು. ‘ತಪ್ಪು’ ಎಂದು ಕೆಂಪಕ್ಷರ ಬಂತು. ಮತ್ತೆ ಒತ್ತಿದರು, ಮತ್ತೆ ತಪ್ಪು. ಹೇಗೋ ಅದನ್ನು ದಾಟಿದರೆ ವಯಸ್ಸು, ತೂಕ, ಇಮೇಲ್ ಅಂತ ಪ್ರಶ್ನೆಗಳ ಸರಮಾಲೆ. ಹೇಳಿಕೊಡಲು ಹೊರಟ ಸೊಸೆ ಮೇಡಂ ಮಾತು ನೆನೆದು ಕೈ ಕಟ್ಟಿಕೊಂಡಳು.

ಮಾವ ಮೊಬೈಲ್ ಮಗುಚಿಟ್ಟರು. “ಮನೆಗೆ ಬಂದವರನ್ನ ಬಾಗಿಲಲ್ಲೇ ನಿಲ್ಲಿಸಿ ಪೂರ್ವಾಪರ ವಿಚಾರಿಸ್ತಾರೇನಮ್ಮ? ಕೂತ್ಕೊಳ್ಳಿ ಅಂತಾದರೂ ಅನ್ನಬೇಡ್ವಾ? ನಿನ್ನೆದುರು ದಡ್ಡ ಅನ್ನಿಸಿಕೊಳ್ಳೋಕೆ ನಾಚಿಕೆಯಾಗಿ ಇದನ್ನ ಮುಟ್ಟಿರಲಿಲ್ಲ.”

ಸೊಸೆಗೆ ಚುರುಕ್ಕೆಂದಿತು. ಸೋಮಾರಿತನವಲ್ಲ, ಸಂಕೋಚ!

“ದಡ್ಡತನ ನಿಮ್ಮದಲ್ಲ ಮಾವ, ನನ್ನ ಆಪಿನದು,” ಎಂದಳು.

ಮೇಡಂ ಜೊತೆ ಕೂತು ಎಲ್ಲವನ್ನೂ ಬದಲಿಸಿದಳು. ಈಗ ಆಪ್ ತೆರೆದೊಡನೆ ಒಂದು ಕೈಯ ಚಿತ್ರ, ಒಂದೇ ಸಾಲು: ‘ಬನ್ನಿ. ನಿಧಾನವಾಗಿ ಬೆರಳು ಮಡಚಿ, ಬಿಡಿ.’ ಕೆಳಗೆ ದೊಡ್ಡದಾಗಿ ‘ಆಯ್ತು’ ಎನ್ನುವ ಗುಂಡಿ. ತಪ್ಪಿ ಬೇರೇನಾದರೂ ಒತ್ತಿದರೆ ‘ಪರವಾಗಿಲ್ಲ, ಹಿಂದಕ್ಕೆ ಹೋಗೋಣ’. ಹೆಸರು ಕೇಳುವುದು ವ್ಯಾಯಾಮ ಮುಗಿದ ಮೇಲೆ. ಬೇಡವೆಂದರೆ ಅದೂ ಇಲ್ಲ.

ಮಾವ ಮಡಚಿದರು, ಬಿಟ್ಟರು, ಒತ್ತಿದರು. ‘ಚೆನ್ನಾಗಿ ಮಾಡಿದಿರಿ’ ಎಂದು ಬಂತು.

“ಓಹೋ, ಇದಕ್ಕೂ ಮರ್ಯಾದೆ ಗೊತ್ತಾಯ್ತಲ್ಲ!” ಎಂದು ನಕ್ಕರು.

ಬೆರಳುಗಳು ಮೆಲ್ಲಮೆಲ್ಲಗೆ ಮಾತು ಕೇಳತೊಡಗಿದವು. ಮಾವ ಮತ್ತೆ ಉಳಿ ಹಿಡಿದ ದಿನ ಸೊಸೆ ಮೇಡಂಗೆ ಫೋನ್ ಮಾಡಿದಳು. “ನನ್ನ ಕಣ್ಣು ತೆರೆಸಿದ್ರಿ ಮೇಡಂ. ಈ ಉಪಕಾರ ಮರೆಯಲ್ಲ.”

ಮರದ ಹೊಟ್ಟಿನ ನಡುವಿನಿಂದ ಮಾವ ಕೂಗಿದರು: “ನನ್ನ ನಮಸ್ಕಾರನೂ ಹೇಳಮ್ಮ! ಕಷ್ಟಕಾಲದಲ್ಲಿ ಎಲ್ಲರೂ ಕೈ ಕೊಡ್ತಾರೆ ಅಂತಾರೆ. ನೀವಿಬ್ಬರು ನಿಜವಾಗ್ಲೂ ನನ್ನ ಕೈ ನನಗೆ ಕೊಟ್ರಿ!”

ಆಪ್ ಮಾಡುವ ಅಕ್ಕಂದಿರೇ, ಅಣ್ಣಂದಿರೇ, ಮೊದಲ ಸಲ ಬಳಸುವವರ ಪಕ್ಕ ಸುಮ್ಮನೆ ಕೂತು ನೋಡಿ. ಅವರು ಎಡವಿದ ಕಡೆ ನಿಮಗೆ ಕೆಲಸವಿದೆ. ಮೊದಲು ಒಂದು ಸಣ್ಣ ಕೆಲಸ ಅವರ ಕೈಯಿಂದ ಆಗಲಿ, ನಿಮ್ಮ ಪ್ರಶ್ನೆಗಳು ಆಮೇಲೆ. ಬಳಸುವವರೇ, ತಿಳಿಯದಿದ್ದರೆ ನಾಚಬೇಡಿ. ‘ಇಲ್ಲಿ ತೊಡಕಾಯ್ತು’ ಅಂತ ಬಾಯಿಬಿಟ್ಟು ಹೇಳಿ. ನಿಮ್ಮ ಹಿಂದೆ ಬರುವವರಿಗೆ ದಾರಿ ಸಲೀಸಾಗುತ್ತದೆ.